ಅಕ್ಕಿ ಹೆಚ್ಚಿದೆ

ಶನಿವಾರ ಬೆಳಿಗ್ಗೆ ಅಡುಗೆಮನೆಯಿಂದ ಒಂದು ಸದ್ದು ಬಂತು. ಅಕ್ಕಿ ಡಬ್ಬದ ತಳಕ್ಕೆ ಅಳತೆಯ ಲೋಟ ತಾಗಿದಾಗ ಬರುತ್ತದಲ್ಲ, ಆ ಸದ್ದು. ಸಂಸಾರ ಮಾಡಿದವರಿಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಅರೆನಿದ್ದೆಯಲ್ಲಿದ್ದರೂ ಗೊತ್ತಾಗುತ್ತದೆ. ನಾನು ಹಾಲ್‌ನಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದೆ. ಮಗಳು ಸಹನಾ ಒಳಗಿನಿಂದಲೇ ಕೂಗಿದಳು.

"ಅಮ್ಮಾ, ಅಕ್ಕಿ ಖಾಲಿ."

"ಖಾಲಿ ಅನ್ಬಾರ್ದು. ಹೆಚ್ಚಿದೆ ಅನ್ನು."

"ಸರಿ, ಹೆಚ್ಚಿದೆ. ಎಷ್ಟು ಕೇಜಿ ಹಾಕ್ಲಿ?"

ಹಾಕುವುದೆಂದರೆ ಫೋನಿನಲ್ಲಿ ಹಾಕುವುದು. ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿಗೆ ಈಗ ಎಲ್ಲವೂ ಹತ್ತು ನಿಮಿಷದಲ್ಲಿ ಬರುತ್ತದೆ. ಬಾಣಲೆಯಲ್ಲಿ ಎಣ್ಣೆ ಕಾಯಲಿಟ್ಟ ಮೇಲೆ ಸಾಸಿವೆ ಇಲ್ಲವೆಂದು ಗೊತ್ತಾದರೂ ಅಂಥ ಮೋಸವೇನಿಲ್ಲ. ಒಲೆ ಆರಿಸಿ, ಫೋನ್ ಒತ್ತಿ, ಕರಿಬೇವು ತೊಳೆಯುವಷ್ಟರಲ್ಲಿ ಸಾಸಿವೆ ಬಾಗಿಲಲ್ಲಿರುತ್ತದೆ. ನಾಳೆ ಏನು ಅಡುಗೆ ಎಂದು ಇವತ್ತು ಯೋಚಿಸುವ ಅಗತ್ಯವೇ ಇಲ್ಲ. ಈ ಸುಖವನ್ನು ಬೈಯುವ ಯೋಗ್ಯತೆ ನನಗಿಲ್ಲ, ಏಕೆಂದರೆ ದಿನಕ್ಕೆ ಎರಡು ಸಲ ನಾನೇ ಅದನ್ನು ಅನುಭವಿಸುತ್ತೇನೆ.

"ಯಾವಾಗ್ಲೂ ಹಾಕೋ ಹಾಗೆ ಹತ್ತು," ಎಂದೆ.

"ಹತ್ತು ಯಾಕಮ್ಮ? ಇನ್ನು ಆರು ವಾರಕ್ಕೆ ನಾನು ಹೋಗ್ತೀನಿ. ಆಮೇಲೆ ನಿಮ್ಮಿಬ್ರಿಗೆ ಐದು ಕೇಜಿ ಸಾಕಲ್ವಾ? ಸುಮ್ನೆ ಹುಳ ಬೀಳುತ್ತೆ."

ಅವಳು ಲೆಕ್ಕ ಹೇಳಿದಳು ಅಷ್ಟೆ, ಅದರಲ್ಲಿ ಬೇರೇನೂ ಇರಲಿಲ್ಲ. ಧಾರವಾಡದಲ್ಲಿ ಕೃಷಿ ಓದಲು ಸೀಟು ಸಿಕ್ಕಿದೆ, ಹಾಸ್ಟೆಲ್ ಸಿಕ್ಕಿದೆ, ಹೋಗುತ್ತಾಳೆ. ಗದಗದ ಕಡೆಯಿಂದ ನಾನು ಈ ಊರಿಗೆ ಬಂದೆ. ಈ ಊರಿನಲ್ಲಿ ಹುಟ್ಟಿದವಳು ಆ ಕಡೆ ಹೊರಟಿದ್ದಾಳೆ. ಸಂತೋಷಪಡಬೇಕಾದ ವಿಷಯವೇ. ಆದರೆ ಹತ್ತು ಕೇಜಿ ಐದಾಗುವ ಮಾತು ಕೇಳಿ ಕಾಫಿ ಲೋಟ ಕೆಳಗಿಟ್ಟೆ. "ಇರು, ಆಮೇಲೆ ಹೇಳ್ತೀನಿ," ಎಂದು ಹೇಳಿ, ಹೇಳದೆ ಕುಳಿತೆ.

ಆ ಉತ್ತರ ಹೇಳಬೇಕಾದರೆ ಮೊದಲು ನಿಮಗೆ ಜಯಮ್ಮ ಆಂಟಿಯ ವಿಷಯ ಹೇಳಬೇಕು. 'ಹೆಚ್ಚಿದೆ' ಎಂಬ ಪದ ನನಗೆ ಸಿಕ್ಕಿದ್ದೂ ಅವರಿಂದಲೇ.

ಮದುವೆಯಾದ ಹೊಸತರಲ್ಲಿ ನಾವು ಸಾರಕ್ಕಿ ಮಾರ್ಕೆಟ್ಟಿನ ಹಿಂದಿನ ಒಂದು ಅಡ್ಡರಸ್ತೆಯಲ್ಲಿ ಬಾಡಿಗೆಗೆ ಇದ್ದೆವು. ಕೆಳಗೆ ಓನರ್ ಮನೆ, ಮೇಲೆ ನಾವು. ಓನರ್ ಎಂದರೆ ಜಯಮ್ಮ ಆಂಟಿ. ಗಂಡ ತೀರಿಕೊಂಡಿದ್ದರು. ದೊಡ್ಡ ಮಗ ಮಂಜಣ್ಣ, ಅವನ ಹೆಂಡತಿ ಶೋಭಾ, ಚಿಕ್ಕ ಮಗ ಕುಮಾರ, ಅವನ ಹೆಂಡತಿ ರೂಪಾ, ಮೊಮ್ಮಕ್ಕಳು, ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ. ಸಾರಕ್ಕಿ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದ ಕುಟುಂಬ. ನನಗಾದರೋ ಆಫೀಸು, ನಮ್ಮವರಿಗೆ ಶಿಫ್ಟಿನ ಕೆಲಸ. ಒಬ್ಬರು ಬಂದಾಗ ಇನ್ನೊಬ್ಬರು ಹೊರಡುವ ಸಂಸಾರ. ಹಸಿವಾದ ಮೇಲೆ ಬೇಳೆ ಹುಡುಕುವುದು, ಬೇಳೆ ಸಿಗದಿದ್ದರೆ ಅವಲಕ್ಕಿ ಹುಡುಕುವುದು, ಅದೂ ಸಿಗದಿದ್ದರೆ ಪರಸ್ಪರ ಮುನಿಸಿಕೊಳ್ಳುವುದು, ಇದು ನಮ್ಮ ಅಡುಗೆಯ ಕ್ರಮವಾಗಿತ್ತು.

ಬಂದು ಒಂದು ವಾರವಾಗಿತ್ತೇನೋ. ಆಂಟಿ ಮೆಟ್ಟಿಲ ಕೆಳಗೆ ನಿಂತು ಕೂಗಿದರು.

"ಏನಮ್ಮಾ, ಮಾರ್ಕೆಟ್ ಕಡೆ ಹೋಗ್ತೀಯಾ? ಅಕ್ಕಿ ಹೆಚ್ಚಿದೆ, ಸ್ವಲ್ಪ ನೋಡು."

ನನಗೆ ಕಣ್ಣು ತುಂಬಿ ಬಂತು. ಗುರುತಿಲ್ಲದ ಊರು, ಬಂದು ಏಳೆಂಟು ದಿನವಾಗಿದೆಯಷ್ಟೆ, ಈ ಹೆಂಗಸು ತಮ್ಮ ಮನೆಯಲ್ಲಿ ಅಕ್ಕಿ ಹೆಚ್ಚಾಗಿದೆ ಎಂದು ಕರೆದು ಕೊಡುತ್ತಿದ್ದಾರೆ. ಬೆಂಗಳೂರಿನವರ ಬಗ್ಗೆ ನಮ್ಮ ಊರಿನಲ್ಲಿ ಏನೇನೆಲ್ಲ ಹೇಳಿದ್ದರು. ನನ್ನ ತವರಿನಿಂದ ತಂದಿದ್ದ ದೊಡ್ಡ ಸ್ಟೀಲ್ ಡಬ್ಬ ಹಿಡಿದು ಕೆಳಗಿಳಿದೆ.

"ಹೆಚ್ಚಾಗೇತಿ ಅಂದ್ರೆಲ್ರೀ ಆಂಟಿ. ಭಾಳ ಬ್ಯಾಡ್ರಿ, ಇದರ ಅರ್ಧ ಹಾಕ್ರಿ ಸಾಕು."

ಆಂಟಿ ಡಬ್ಬ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಡಬ್ಬವನ್ನು ಕೈಯಿಂದ ತೆಗೆದುಕೊಂಡು ಒಳಗೆ ಹೋಗಿ, ಅದರ ತುಂಬ ರಾಗಿಹಿಟ್ಟು ತುಂಬಿ ತಂದುಕೊಟ್ಟರು. "ಮುದ್ದೆ ಮಾಡೋಕೆ ಬರುತ್ತಾ?" ಎಂದರು. ನನಗೆ ಬರುತ್ತಿರಲಿಲ್ಲ. ಒಳಗೆ ಶೋಭಾ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅತ್ತೆ ಆ ಕಡೆ ಹೋದ ಮೇಲೆ ಹೇಳಿದಳು.

"ಅಕ್ಕ, ನಮ್ಮತ್ತೆ ಹೆಚ್ಚಿದೆ ಅಂದ್ರೆ ಮುಗ್ದಿದೆ ಅಂತ. ಅಕ್ಕಿ, ಅರಿಶಿನ, ಉಪ್ಪು, ಇವೆಲ್ಲ ಮುಗೀತು, ಇಲ್ಲ ಅಂತ ಬಾಯಲ್ಲಿ ಅನ್ನಲ್ಲ. ಬಳೆ ಒಡೆದ್ರೂ ಅಷ್ಟೆ, ಹೆಚ್ಚಿತು ಅಂತಾರೆ. ನೀವು ಮಾರ್ಕೆಟ್ಟಿಂದ ತಂದ್ಕೊಡ್ತೀರೇನೋ ಅಂತ ಕೇಳಿದ್ದು."

ನಾಚಿಕೆಯಿಂದ ಆ ದಿನ ಊಟ ಸೇರಲಿಲ್ಲ. ರಾಗಿಹಿಟ್ಟನ್ನು ಏನು ಮಾಡಬೇಕೆಂಬುದೂ ತಿಳಿಯಲಿಲ್ಲ. ಅಕ್ಕಿ ಮುಗಿದ ಮನೆಗೆ ಡಬ್ಬ ಹಿಡಿದು ಹೋದವಳಿಗೂ ಅವರು ಇಲ್ಲ ಎನ್ನಲಿಲ್ಲ ನೋಡಿ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಇದೇ ಗುಣದಿಂದ ನನಗೊಂದು ಪೇಚು ಕಾದಿತ್ತು.

ಪದ ಕಲಿತೆನೆಂದು ಬೀಗಿದ್ದೂ ಹೆಚ್ಚು ದಿನ ನಡೆಯಲಿಲ್ಲ. ಒಂದು ಸಂಜೆ ಬನಶಂಕರಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಶೋಭಾಗೆ ಫೋನ್ ಮಾಡಿ ಏನಾದರೂ ತರಬೇಕೇ ಎಂದು ಕೇಳಿದೆ. "ಏನೂ ಬೇಡ ಅಕ್ಕ, ಬೀನ್ಸ್ ಹೆಚ್ಚಾಯ್ತು," ಎಂದಳು. ಪಾಪ, ಬೇಡ ಎನ್ನುವುದು ಸಂಕೋಚಕ್ಕೆ, ಬೀನ್ಸ್ ಮುಗಿದಿದೆ ಎಂದು ಜಾಣತನದಿಂದ ಅರ್ಥಮಾಡಿಕೊಂಡು ಒಂದು ಕೇಜಿ ಹೊತ್ತು ತಂದೆ. ಮನೆಯಲ್ಲಿ ಶೋಭಾ ಈಳಿಗೆಮಣೆ ಎತ್ತಿಡುತ್ತಿದ್ದಳು. ಪಕ್ಕದಲ್ಲಿ ಹೆಚ್ಚಿದ ಬೀನ್ಸಿನ ಗುಡ್ಡೆ. ಒಂದೇ ಪದ ಹೆಚ್ಚಾಗುವುದಕ್ಕೂ, ಮುಗಿಯುವುದಕ್ಕೂ, ತರಕಾರಿ ಹೆಚ್ಚುವುದಕ್ಕೂ ಬರುವ ಮನೆಯಲ್ಲಿ ನನ್ನಂಥವಳು ಬದುಕುವುದು ಹೇಗೆ ಹೇಳಿ. ನಾಲ್ಕು ದಿನ ಎರಡು ಮನೆಯವರೂ ಬೀನ್ಸ್ ಪಲ್ಯ ತಿಂದೆವು.

ನಾಲ್ಕು ದಿನ ಬೀನ್ಸ್ ಎನ್ನುವುದು ಆಂಟಿಯ ಮನೆಯಲ್ಲಿ ಸಣ್ಣ ವಿಷಯವಾಗಿರಲಿಲ್ಲ, ಏಕೆಂದರೆ ಅವರ ಕ್ಯಾಲೆಂಡರ್ ಕೆಟ್ಟಿತು. ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಒಂದು ದೊಡ್ಡ ಗೋಡೆ ಕ್ಯಾಲೆಂಡರ್ ತೂಗುತ್ತಿತ್ತು. ಎಲ್ಲರ ಮನೆಯಲ್ಲೂ ಇರುವಂಥದೇ: ತಿಥಿ, ನಕ್ಷತ್ರ, ರಾಹುಕಾಲ, ಮೂಲೆಯಲ್ಲಿ ಹಬ್ಬದ ಹೆಸರು. ಎಲ್ಲರೂ ಅದರಲ್ಲಿ ಗ್ಯಾಸ್ ಬಂದ ದಿನ ಬರೆದರೆ ಆಂಟಿ ಅಡುಗೆ ಬರೆಯುತ್ತಿದ್ದರು. ಇವತ್ತಿನದಲ್ಲ, ಮುಂದಿನ ಆರು ವಾರದ್ದು. ದಿನಕ್ಕೊಂದು ಚೌಕದ ಮನೆ, ಮನೆಗೊಂದು ಸಾರು. ನಾಲ್ಕನೇ ಕ್ಲಾಸಿನವರೆಗೆ ಓದಿದ ಕೈ. 'ಬಸಾರು', 'ಮಸೊಪು', 'ಉಪುಸಾರು' ಎಂದು ಒತ್ತಕ್ಷರ ಉಳಿತಾಯ ಮಾಡಿ ಬರೆಯುತ್ತಿದ್ದರು. ಹಿತಕಿದ ಬೇಳೆ ಅವರ ಕೈಯಲ್ಲಿ 'ಇದ್ಕಬೇಳೆ' ಆಗುತ್ತಿತ್ತು. ಭಾನುವಾರ 'ಕೋಳಿ' ಎಂದಿದ್ದರೆ ಅದರ ಕೆಳಗೆ ಇನ್ನೂ ಸಣ್ಣದಾಗಿ 'ಮೇಲ್ನೋರಿಗೆ ಬೇರೆ' ಎಂದು ಇರುತ್ತಿತ್ತು. ಮೇಲಿನವರೆಂದರೆ ಮಾಂಸ ತಿನ್ನದ ನಾವು. ಯಾರೂ ಹೇಳದೆ ಕೇಳದೆ ನಾವಿಬ್ಬರೂ ಆ ಕ್ಯಾಲೆಂಡರಿನೊಳಗೆ ಸೇರಿಬಿಟ್ಟಿದ್ದೆವು.

ನವೆಂಬರ್ ಮುಗಿಯುತ್ತಿದ್ದ ಹಾಗೆ ಅವರಿಗೆ ಕಸಿವಿಸಿ ಶುರು. ಡಿಸೆಂಬರ್ ಹಾಳೆ ತುಂಬಿತು, ಜನವರಿಯನ್ನು ಎಲ್ಲಿ ಬರೆಯುವುದು? ಅಂಗಡಿಯವರನ್ನು ಹೊಸ ಕ್ಯಾಲೆಂಡರಿಗಾಗಿ ಪೀಡಿಸುತ್ತಿದ್ದರು. "ಇನ್ನೂ ಅಚ್ಚಾಗಿಲ್ಲ ಅಮ್ಮ," ಎಂದು ಅವರು ಗೋಗರೆಯುವುದನ್ನು ನಾನೇ ಕೇಳಿದ್ದೇನೆ.

ಶನಿವಾರ ಸಂಜೆ ಆಂಟಿಯ ಜೊತೆ ಮಾರ್ಕೆಟ್ಟಿಗೆ ಹೋಗುವುದು ನನಗೆ ಪಾಠಶಾಲೆಯಾಯಿತು. ಕಾಳು, ಬೇಳೆ, ಬೆಲ್ಲ, ಹುಣಸೆಹಣ್ಣು ಆರು ವಾರಕ್ಕೆ. ಕುಂಬಳಕಾಯಿ, ಸುವರ್ಣಗೆಡ್ಡೆ ಎರಡು ವಾರಕ್ಕೆ. ಸೊಪ್ಪು ಮಾತ್ರ ಆವತ್ತಿಗೆ, ಹೆಚ್ಚೆಂದರೆ ನಾಳೆಗೆ. ಚೀಟಿ ಇರುತ್ತಿರಲಿಲ್ಲ. ಒಮ್ಮೆ ಕೇಳಿಯೇ ಬಿಟ್ಟೆ, ಇಷ್ಟು ಮುಂದಕ್ಕೆ ಯೋಚನೆ ಮಾಡುವುದನ್ನು ಎಲ್ಲಿ ಕಲಿತಿರಿ ಎಂದು. ಆಂಟಿ ದಂಟಿನ ಸೊಪ್ಪಿನ ಕಟ್ಟೊಂದನ್ನು ಮೂಗಿಗೆ ಹಿಡಿದು ನೋಡುತ್ತಿದ್ದರು.

"ಕಲಿಯೋದೇನು ಕಣಮ್ಮ. ಈಗ ಆ ಬೇಕರಿ ಇದೆಯಲ್ಲ, ಅದು ನಮ್ಮ ಸೊಪ್ಪಿನ ಮಡಿ. ನಮ್ಮನೆ ನಿಂತಿರೋ ಜಾಗ ಮೂಲಂಗಿ. ಇವತ್ತು ಮೆಂತ್ಯ ಚೆಲ್ಲಿದ್ರೆ ಇಪ್ಪತ್ತೈದು ದಿನಕ್ಕೆ ಮೆಂತ್ಯ ಸಾರು. ಮೂಲಂಗಿ ಅಂದ್ರೆ ಒಂದೂವರೆ ತಿಂಗಳು. ಬಿತ್ತಿದ ದಿವಸಾನೇ ಯಾವತ್ತು ಏನು ಉಣ್ತೀವಿ ಅಂತ ಗೊತ್ತಾಗೋದು. ಭೂಮಿ ಹೋಯ್ತು. ಅದಕ್ಕೆ ಕ್ಯಾಲೆಂಡರ್‌ನಲ್ಲಿ ಬಿತ್ತುತೀನಿ."

ನಗುತ್ತಲೇ ಹೇಳಿದರು. ಅವರು ಸೊಪ್ಪಿನ ಕಟ್ಟನ್ನು ವಾಪಸ್ಸು ಇಟ್ಟು, ಬೇರೆಯದನ್ನು ಆರಿಸಿಕೊಂಡರು. ನಾನು ಚೀಲ ಹಿಡಿದು ಹಿಂದೆ ನಡೆದೆ.

ಬರೆಯುವುದು ಪೆನ್ಸಿಲ್ಲಿನಲ್ಲೇ. ಪೆನ್ನು ಕೊಟ್ಟರೆ ಮುಟ್ಟುತ್ತಿರಲಿಲ್ಲ. "ಉಣ್ಣೋರು ಒಂದಿನ ಹಿಂದೆ ಮುಂದೆ ಆಗ್ತಾರೆ. ಆವಾಗ ಅಳಿಸಿ ಬರೀಬೇಕಲ್ಲ," ಎನ್ನುತ್ತಿದ್ದರು.

ಸಹನಾ ಹುಟ್ಟಿದ್ದು ಆ ಮನೆಯಲ್ಲಿದ್ದಾಗಲೇ. ಅವಳ ಮೊದಲ ಅನ್ನ ಆಂಟಿಯ ಕೈಯದು. ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳನ್ನು ಹಿತಕಲು ಇಡೀ ಮನೆ ಸುತ್ತ ಕೂರುತ್ತಿತ್ತಲ್ಲ, ಆಗ ಎರಡು ವರ್ಷದ ಇವಳೂ ನಡುವೆ ಕುಳಿತು ಕಾಳನ್ನು ಒತ್ತಿ ಎದುರಿದ್ದವರ ಮುಖಕ್ಕೆ ಹಾರಿಸುತ್ತಿದ್ದಳು. ಬೇಳೆ ಮಂಜಣ್ಣನ ಹಣೆಗೆ ತಾಗಿದರೆ ಆಂಟಿ, "ಹೂಂ, ಇನ್ನೊಂದು," ಎಂದು ಹುರಿದುಂಬಿಸುವರು. ಹಿತಕಿದ ಬೇಳೆ ಸಾರು ಎಂದರೆ ಇವತ್ತಿಗೂ ಅವಳಿಗೆ ಪ್ರಾಣ.

ಇಂಥ ಮನೆಯಲ್ಲಿ ಎಲ್ಲವೂ ಸರಿಯಿತ್ತೆಂದು ಹೇಳಿದರೆ ನೀವು ನಂಬಬೇಡಿ. ಅಲ್ಲಿ ಒಂದು ಮಾತು ಹೊಗೆಯಾಡುತ್ತಿತ್ತು. ನಮ್ಮ ಮೇಲೆ ಎರಡನೇ ಮಹಡಿ ಕಟ್ಟಿಸಿದ್ದರು, ಅದರಲ್ಲಿ ಒಂದು ಅಡುಗೆಮನೆಯೂ ಇತ್ತು, ಅದು ಖಾಲಿ ಇತ್ತು. ಕುಮಾರನಿಗೂ ರೂಪಾಗೂ ಅದರ ಮೇಲೆ ಕಣ್ಣಿತ್ತು. ಬೇರೆ ಒಲೆ ಹೂಡಿಬಿಟ್ಟಾರು ಎಂಬುದೇ ಆಂಟಿಯ ದೊಡ್ಡ ಭಯ. "ನಾನಿರೋವರ್ಗೂ ಒಂದೇ ಒಲೆ," ಎಂದು ಮಾರ್ಕೆಟ್ಟಿನಿಂದ ಬರುವಾಗ ನನಗೆ ಹೇಳುವರು, ನಾನೇ ಬೇರೆ ಹೋಗುತ್ತಿದ್ದೇನೇನೋ ಎಂಬಂತೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಸ್ವಲ್ಪ ಜೋರಾದ ದಿನ ಅವರು ಯಾರನ್ನೂ ಒಂದು ಮಾತೂ ಅನ್ನುತ್ತಿರಲಿಲ್ಲ. ಕ್ಯಾಲೆಂಡರಿನ ಮುಂದೆ ನಿಂತು ಏನನ್ನೋ ಅಳಿಸಿ ಏನನ್ನೋ ಬರೆಯುತ್ತಿದ್ದರು. ನಾನು ಅದನ್ನು ವಯಸ್ಸಾದವರ ಅಭ್ಯಾಸ ಎಂದುಕೊಂಡಿದ್ದೆ.

ಈಗ ನನ್ನ ಪೇಚಿನ ವಿಷಯಕ್ಕೆ ಬರುತ್ತೇನೆ. ಆಗ ಆಫೀಸಿನಲ್ಲಿ ನಾನು ಚಾರ್ಟು ಮಾಡುವುದರಲ್ಲಿ ಗಟ್ಟಿಗಿತ್ತಿ. ಯಾವ ಕೆಲಸ ಯಾವ ವಾರ, ಯಾವುದಕ್ಕೆ ಯಾವ ಬಣ್ಣ, ಎಲ್ಲ ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ. ಆಂಟಿಯ ಋಣ ತೀರಿಸಲು ಇದಕ್ಕಿಂತ ಒಳ್ಳೆಯ ದಾರಿ ಕಾಣಲಿಲ್ಲ. ಅವರ ಆರು ವಾರದ ಅಡುಗೆಯನ್ನೆಲ್ಲ ತುಂಬಿ, ಸೊಪ್ಪಿಗೆ ಹಸಿರು, ಕಾಳಿಗೆ ಕಂದು, ಸಿಹಿಗೆ ಹಳದಿ ಬಳಿದು, ದೊಡ್ಡ ಹಾಳೆಯಲ್ಲಿ ಪ್ರಿಂಟು ತೆಗೆಸಿ ತಂದೆ. ಕೊನೆಯಲ್ಲಿ ಒಂದು ಪಟ್ಟಿ: 'ಖಾಲಿಯಾದ ಸಾಮಾನು'. ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಕ್ಯಾಲೆಂಡರಿನಲ್ಲಿ ಯಾರ್ಯಾರಿಗೋ ಇಷ್ಟವಾದದ್ದು ಎಲ್ಲೆಲ್ಲೋ ದೂರದಲ್ಲಿ ಬಿದ್ದಿತ್ತು. ಮಂಜಣ್ಣನ ಹುರುಳಿಕಾಳು ಬಸ್ಸಾರು ನಾಲ್ಕನೇ ವಾರದಲ್ಲಿ, ರೂಪಾಳ ಕಾಯೊಬ್ಬಟ್ಟು ಐದನೇ ವಾರದಲ್ಲಿ, ಕುಮಾರನ ಒತ್ತು ಶಾವಿಗೆ ಮೂರನೇ ವಾರದ ಕೊನೆಗೆ. ಪಾಪ, ಇಷ್ಟವಾದದ್ದಕ್ಕೆ ಜನ ಇಷ್ಟು ಕಾಯುವುದೇಕೆ? ನಾನು ಅವೆಲ್ಲವನ್ನೂ ಎತ್ತಿ ಮೊದಲ ಹತ್ತು ದಿನಕ್ಕೆ ತಂದೆ. ಮುಖ್ಯವಾದದ್ದು ಮೊದಲು ಎಂಬ ಆಫೀಸಿನ ಬುದ್ಧಿ.

ಆಂಟಿ ಹಾಳೆಯನ್ನು ಬಹಳ ಹೊತ್ತು ನೋಡಿದರು. ಇಲ್ಲ, ಬೇಡ ಎನ್ನಬಹುದಾಗಿತ್ತು. ಆದರೆ ನಾನು ಡಬ್ಬ ಹಿಡಿದು ನಿಂತಾಗಲೇ ಅನ್ನದವರು ಈಗ ಅನ್ನುತ್ತಾರೆಯೇ? "ಚೆನ್ನಾಗಿದೆ ಕಣಮ್ಮ, ಸಖತ್ ಬಣ್ಣ," ಎಂದರು. ಕತ್ತರಿ ತಂದು 'ಖಾಲಿಯಾದ ಸಾಮಾನು' ಎಂಬ ಪಟ್ಟಿಯನ್ನು ಮಾತ್ರ ನೀಟಾಗಿ ಕತ್ತರಿಸಿ ತೆಗೆದರು. ಆ ಪದ ಅಡುಗೆಮನೆಯ ಗೋಡೆಗೆ ಬರುವಂತಿರಲಿಲ್ಲ. ಉಳಿದದ್ದನ್ನು ಕ್ಯಾಲೆಂಡರಿನ ಮೇಲೆಯೇ ಅಂಟಿಸಿದರು.

ಹತ್ತು ದಿನ ಆ ಮನೆಯಲ್ಲಿ ಮದುವೆಯ ಹಾಗೆ ಊಟ. ದಿನಾ ಒಬ್ಬರದು ಹಬ್ಬ. ಮೆಟ್ಟಿಲು ಹತ್ತಿಳಿಯುವಾಗ ಎಲ್ಲರೂ ನನ್ನನ್ನು ಹೊಗಳಿದರು, ನಾನೂ ಉಬ್ಬಿದೆ. ಹನ್ನೊಂದನೇ ದಿನದಿಂದ ಚಾರ್ಟಿನಲ್ಲಿ ಬೇಳೆ ಸಾರು, ತಿಳಿ ಸಾರು, ಸೊಪ್ಪಿನ ಸಾರು, ಮತ್ತೆ ಬೇಳೆ ಸಾರು. ಮುಂದೆ ಕಣ್ಣು ಹಾಯಿಸಿದಷ್ಟೂ ಅದೇ. ನಾಲ್ಕನೇ ವಾರ ಒಂದು ಬೆಳಿಗ್ಗೆ, ನಾನು ಸಹನಾಳನ್ನು ಕೆಳಗೆ ಬಿಟ್ಟು ಆಫೀಸಿಗೆ ಹೊರಟಿದ್ದಾಗ, ಕುಮಾರ ಊಟದ ಮೇಜಿನ ಪಕ್ಕ ನಿಂತುಕೊಂಡೇ ಹೇಳಿದ, ಮುಂದಿನ ತಿಂಗಳಿಂದ ಮೇಲೆ ಅಡುಗೆ ಮಾಡಿಕೊಳ್ಳುತ್ತೇವೆ ಎಂದು. ರೂಪಾ ತಲೆ ತಗ್ಗಿಸಿ ಅತ್ತೆಯ ಹತ್ತಿರ ಬಂದಳು.

"ಜಗಳ ಅಂತ ಏನಿಲ್ಲ ಅತ್ತೆ. ನಂಗೆ ಬೆಳಿಗ್ಗೆ ಏಳು ಗಂಟೆಗೆ ಮಕ್ಕಳ ಡಬ್ಬಿ ಆಗ್ಬೇಕು, ನಂದೂ ಆಗ್ಬೇಕು. ಇಲ್ಲಿ ಒಲೆ ಹತ್ತೋದೇ ಎಂಟಕ್ಕೆ. ನಾಲ್ಕು ವರ್ಷದಿಂದ ಮಕ್ಕಳು ಬ್ರೆಡ್ ತಗೊಂಡು ಹೋಗ್ತಿದ್ದಾವೆ."

ಆಂಟಿ ಎದ್ದರು. ಗೋಡೆಯ ಹತ್ತಿರ ಹೋಗಿ ಪೆನ್ಸಿಲ್ ಹುಡುಕಿದರು. ಗೋಡೆಯ ಮೇಲಿದ್ದದ್ದು ನನ್ನ ಪ್ರಿಂಟು. ಅದರಲ್ಲಿ ಅಳಿಸುವುದಕ್ಕೆ ಏನೂ ಬರುತ್ತಿರಲಿಲ್ಲ.

ಆ ದಿನ ಆಫೀಸಿನಿಂದ ಬೇಗ ಬಂದು, ಆಂಟಿ ಒಬ್ಬರೇ ಇದ್ದಾಗ ನನ್ನ ಚಾರ್ಟನ್ನು ಕಿತ್ತೆ. ಕೆಳಗಿದ್ದ ಹಳೆಯ ಹಾಳೆಗಳನ್ನು ಒಂದೊಂದಾಗಿ ತಿರುವಿದೆ. ಆಗ ಕಂಡಿತು. ಯಾವ ತಿಂಗಳು ನೋಡಿದರೂ ಪ್ರತಿಯೊಬ್ಬರ ಪ್ರೀತಿಯ ಅಡುಗೆ ಮೂರು ನಾಲ್ಕು ವಾರ ಮುಂದೆ ಇತ್ತು, ಪಕ್ಕದಲ್ಲಿ ಅವರ ಹೆಸರು. ಒಂದು ಮುಗಿಯುವ ಮೊದಲೇ ಇನ್ನೊಂದನ್ನು ಮುಂದೆ ಬರೆದಿರುತ್ತಿದ್ದರು. ಮುನಿಸಿನ ದಿನಗಳಲ್ಲಿ ಅಳಿಸಿ ಬರೆದ ಗುರುತು ದಟ್ಟವಾಗಿತ್ತು. ನಾವು ಮನೆ ಬದಲಾಯಿಸುವ ಮಾತಾಡಿದ್ದ ತಿಂಗಳಲ್ಲಿ 'ಇದ್ಕಬೇಳೆ, ಮೇಲ್ನೋರು' ಎಂದು ಮೂರು ಕಡೆ ಬರೆದಿದ್ದರು. ನಾವು ಆ ಸಲ ಮನೆ ಬಿಡಲಿಲ್ಲ ಎಂಬುದೂ ನಿಜ.

"ಆಂಟಿ, ನನಗ ಗೊತ್ತಾಗಲಿಲ್ರೀ," ಎಂದು ಅತ್ತೇಬಿಟ್ಟೆ.

"ಗೊತ್ತಾಗೋದೇನಿದೆ," ಎಂದರು. "ಮುಂದೆ ಏನೋ ಒಂದು ಇದೆ ಅಂದ್ರೆ ಮನುಷ್ಯ ಇವತ್ತಿಂದು ಉಂಡ್ಕೊಂಡು ಇರ್ತಾನೆ. ಅಷ್ಟೇ ನಂಗೆ ತಿಳಿದಿದ್ದು. ನಿನ್ನ ಚಾರ್ಟಿಂದ ಆಗಿದ್ದಲ್ಲ ಕಣಮ್ಮ. ಇಷ್ಟು ವರ್ಷ ಬರೆದ್ನಲ್ಲ, ಏಳು ಗಂಟೆ ಡಬ್ಬಿಗೆ 'ಇದು' ಅಂತ ನಾನು ಒಂದಿನಾನೂ ಬರೀಲಿಲ್ಲ ನೋಡು."

ಆ ಮಾತು ಹೇಳಲು ಅವರಿಗೆ ಎಷ್ಟು ಕಷ್ಟವಾಗಿರಬೇಕೆಂದು ಈಗ ತಿಳಿಯುತ್ತದೆ. ಆಗ ನನಗೆ ನನ್ನ ತಪ್ಪೇ ದೊಡ್ಡದಾಗಿತ್ತು.

ಮೇಲಿನ ಮನೆಯಲ್ಲಿ ಹಾಲುಕ್ಕಿಸುವ ದಿನ ಬಂತು. ಕುಮಾರ ಬೇರೆಯಾದ ಮೇಲೆ ತಾವೊಬ್ಬರು ಅಮ್ಮನಿಗೆ ಏಕೆ ಭಾರ ಎಂದು ಮಂಜಣ್ಣನೂ ಶೋಭಾಳೂ ಹಿಂದಿನ ಭಾಗದಲ್ಲಿ ಒಲೆ ಹೂಡಿದರು. ಎರಡಾಗುತ್ತದೆ ಎಂದುಕೊಂಡದ್ದು ಮೂರಾಯಿತು. ಆಂಟಿ ಎರಡು ಜೊತೆ ಹೊಸ ಡಬ್ಬಗಳಲ್ಲಿ ಅರಿಶಿನ, ಉಪ್ಪು, ಅಕ್ಕಿ, ತೊಗರಿಬೇಳೆ ತುಂಬಿಟ್ಟಿದ್ದರು. ಎರಡನೇ ಮಹಡಿಗೆ ಹೋಗಬೇಕಾದ ಡಬ್ಬಗಳನ್ನು ನಾನು ಹಿಡಿದುಕೊಂಡೆ. ನಮ್ಮ ಮನೆಯ ಬಾಗಿಲ ಹತ್ತಿರ ಅವರು ಉಸಿರು ತೆಗೆದುಕೊಳ್ಳಲು ನಿಂತಾಗ ನನಗೆ ತಡೆಯಲಾಗಲಿಲ್ಲ.

"ಮನಿ ಒಡದ್ಹೋತಲ್ರೀ ಆಂಟಿ."

ಆಂಟಿ ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. ಅವರ ಕೈಯಲ್ಲಿ ಅರಿಶಿನದ ವಾಸನೆ ಇತ್ತು.

"ಒಡೀತು ಅನ್ಬಾರ್ದು. ಹೆಚ್ಚಿತು ಅನ್ಬೇಕು."

ಬಳೆಗೆ ಹೇಳುವ ಮಾತನ್ನು ಮನೆಗೆ ಹೇಳಿದರು. ಅವರ ಕಣ್ಣಲ್ಲಿ ನೀರಿತ್ತು. ಅದನ್ನು ಒರೆಸಿಕೊಳ್ಳದೆಯೇ ಉಳಿದ ಮೆಟ್ಟಿಲು ಹತ್ತಿದರು. ಮೇಲೆ ರೂಪಾಳ ಹಾಲು ಉಕ್ಕುವಾಗ ಎಲ್ಲರಿಗಿಂತ ಮೊದಲು ಕೈ ಮುಗಿದವರು ಅವರೇ.

ಮಾರನೆಯ ದಿನ ಕ್ಯಾಲೆಂಡರ್ ನೋಡಿದೆ. ವಾರದ ಮನೆಗಳನ್ನೆಲ್ಲ ಅಳಿಸಿದ್ದರು. ಉಳಿದದ್ದು ಭಾನುವಾರಗಳು ಮಾತ್ರ. ಮೊದಲ ಎರಡು ಭಾನುವಾರಕ್ಕೆ ಏನೂ ಇರಲಿಲ್ಲ. ಮೂರನೆಯದರಲ್ಲಿ 'ಶಾವಿಗೆ, ಕುಮಾರ' ಎಂದಿತ್ತು. ಯಾರನ್ನೂ ಕರೆಯಲಿಲ್ಲ, ಯಾರಿಗೂ ಹೇಳಲಿಲ್ಲ. ಆ ಮೂರು ವಾರ ನನಗೆ ಆದ ಸಂಕಟ ನನಗೇ ಗೊತ್ತು. ಕೆಳಗೆ ಹೋದಾಗಲೆಲ್ಲ ಆ ಭಾನುವಾರದ ಮೇಲೆ ಕಣ್ಣು ಹೋಗುತ್ತಿತ್ತು.

ಒತ್ತು ಶಾವಿಗೆ ಒಬ್ಬರಿಂದ ಆಗುವ ಕೆಲಸವಲ್ಲ. ಬಿಸಿ ಹಿಟ್ಟನ್ನು ಒರಳಿಗೆ ಹಾಕುವವರೊಬ್ಬರು, ಒತ್ತುವವರೊಬ್ಬರು, ಕೆಳಗೆ ತಟ್ಟೆ ಹಿಡಿಯುವವರೊಬ್ಬರು ಬೇಕು. ಆ ಭಾನುವಾರ ಆಂಟಿ ಬೆಳಿಗ್ಗೆಯೇ ಕಾಯಿಹಾಲು ತೆಗೆದಿಟ್ಟು, ಹಿಟ್ಟು ಬೇಯಲು ಇಟ್ಟು, ಒಬ್ಬರೇ ಕುಳಿತಿದ್ದರು. ನಾನು ಸಹಾಯಕ್ಕೆಂದು ಇಳಿದುಬಂದರೆ, "ನಿಂಗೆ ಒತ್ತೋ ಶಕ್ತಿ ಇಲ್ಲ, ಕೂತ್ಕೊ," ಎಂದರು. ಹನ್ನೊಂದು ಗಂಟೆಯಿರಬಹುದು. ಕುಮಾರ ಮೆಟ್ಟಿಲಿಳಿದು ಬಂದ. ಕ್ಯಾಲೆಂಡರಿನ ಕಡೆ ನೋಡಲೂ ಇಲ್ಲ, ನೋಡಿರಬೇಕು, ಯಾವಾಗಲೋ. ಸ್ಟೂಲು ಎಳೆದು ಅಟ್ಟದಿಂದ ಶಾವಿಗೆ ಒರಳು ಇಳಿಸಿ, ತೊಳೆದು ತಂದು, "ಹಿಟ್ಟು ಹಾಕಮ್ಮ," ಎಂದ. ಹಿಂದೆಯೇ ರೂಪಾ ತಟ್ಟೆ ಹಿಡಿದು ಬಂದಳು. ಹಿಂದಿನ ಬಾಗಿಲಿನಿಂದ ಮಂಜಣ್ಣ, ಶೋಭಾ, ಮಕ್ಕಳು. ಊಟ ಮುಗಿದ ಮೇಲೆ ಆಂಟಿ ಪೆನ್ಸಿಲ್ ತೆಗೆದುಕೊಂಡು ಮುಂದಿನ ಮೂರನೇ ಭಾನುವಾರದಲ್ಲಿ 'ಕಾಯೊಬಟ್ಟು, ರೂಪ' ಎಂದು ಬರೆದರು. ಒಂದು ಒತ್ತಕ್ಷರ ಆವತ್ತೂ ಉಳಿತಾಯವಾಯಿತು.

ಸಹನಾಳಿಗೆ ಐದಾದಾಗ ನಾವು ಈ ಫ್ಲ್ಯಾಟಿಗೆ ಬಂದೆವು. ಹೊರಡುವ ದಿನ ಆಂಟಿ ನನ್ನ ಕೈಯಿಂದ ಆ ಹಳೆಯ ಸ್ಟೀಲ್ ಡಬ್ಬ ಕಸಿದುಕೊಂಡು ಒಳಗೆ ಹೋದರು. ತುಂಬ ಅಕ್ಕಿ ಹಾಕಿ ತಂದರು.

"ಆವತ್ತು ರಾಗಿಹಿಟ್ಟು ಕೊಟ್ಟು ಕಳಿಸ್ದೆ. ಇವತ್ತು ಅಕ್ಕಿನೇ ತಗೊ. ಹೆಚ್ಚಿದೆ."

"ಯಾವ ಹೆಚ್ಚಿದೆ ಆಂಟಿ?" ಎಂದೆ.

ಅವರು ನಕ್ಕರೇ ಹೊರತು ಹೇಳಲಿಲ್ಲ. ಈಗಲೂ ಸಾರಕ್ಕಿಯಲ್ಲಿ ಅದೇ ಮನೆಯಲ್ಲಿದ್ದಾರೆ. ಕಣ್ಣು ಮಂಜಾಗಿದೆ, ಅಕ್ಷರ ದಪ್ಪವಾಗಿದೆ, ಒಂದೊಂದು ಭಾನುವಾರ ಎರಡು ಮನೆ ದಾಟಿ ಹರಡುತ್ತದೆ. ಇವತ್ತು ಬೆಳಿಗ್ಗೆ ಸದ್ದು ಮಾಡಿತೆಂದೆನಲ್ಲ, ಆ ಡಬ್ಬ ಇದೇ.

ಕಾಫಿ ಆರಿತ್ತು. ನಮ್ಮ ಮನೆಯಲ್ಲೂ ಒಂದು ಕ್ಯಾಲೆಂಡರ್ ಇದೆ, ಅಂಗಡಿಯವರು ಕೊಟ್ಟದ್ದು, ಬಾಗಿಲ ಹಿಂದೆ ತೂಗುತ್ತದೆ, ಯಾರೂ ನೋಡುವುದಿಲ್ಲ. ಅದನ್ನು ಇಳಿಸಿ ಮೇಜಿನ ಮೇಲೆ ಹರಡಿದೆ. ಪೆನ್ಸಿಲ್ ತೆಗೆದುಕೊಂಡು ಬರುವ ಆರು ವಾರಗಳನ್ನು ತುಂಬತೊಡಗಿದೆ. ಸಹನಾಳಿಗೆ ಇಷ್ಟ ಎಂದು ಮೆಂತ್ಯದ ಕಡುಬು, ಇಷ್ಟ ಎಂದು ಎಣ್ಣೆಗಾಯಿ, ಇಷ್ಟ ಎಂದು ಹೋಳಿಗೆ, ಮತ್ತೆ ಎಣ್ಣೆಗಾಯಿ. ಮೂರು ವಾರ ತುಂಬಿಸಿದ ಮೇಲೆ ಕೈ ನಿಂತಿತು. ಇಷ್ಟು ವರ್ಷವಾದರೂ ನನಗೆ ಬುದ್ಧಿ ಬಂದಿರಲಿಲ್ಲ. ಎಲ್ಲವನ್ನೂ ಅವಳು ಹೋಗುವುದರೊಳಗೆ ತಿನ್ನಿಸಿ ಮುಗಿಸಲು ಹೊರಟಿದ್ದೆ, ಮುಂದಕ್ಕೆ ಬರೀ ಬೇಳೆ ಸಾರು ಉಳಿಯುವ ಹಾಗೆ.

ರಬ್ಬರ್ ಹುಡುಕಿ ತಂದು ಅರ್ಧ ಅಳಿಸಿದೆ. ಅವಳು ಹೋದ ಮೇಲಿನ ತಿಂಗಳುಗಳನ್ನು ಒಂದೊಂದಾಗಿ ತಿರುವಿ ಡಿಸೆಂಬರಿಗೆ ಬಂದೆ. ಒಳ್ಳೆಯ ಸೊಗಡಿನ ಅವರೆಕಾಯಿ ಬರುವುದು ಆಗಲೇ. ಮೂರನೇ ವಾರದಲ್ಲಿ ಕೈಗೆ ಸಿಕ್ಕ ಒಂದು ಮನೆಯಲ್ಲಿ 'ಹಿತಕಿದ ಬೇಳೆ, ಸಹನಾ' ಎಂದು ಬರೆದೆ.

"ಅಮ್ಮಾ, ಹೇಳ್ತೀನಿ ಅಂದೆ, ಹೇಳ್ಲೇ ಇಲ್ಲ. ಐದಾ, ಹತ್ತಾ?" ಎನ್ನುತ್ತ ಸಹನಾ ಫೋನ್ ಹಿಡಿದು ಬಂದಳು.

"ಹತ್ತು ಹಾಕು."

"ಹುಳ ಬೀಳುತ್ತಮ್ಮ."

"ಬೀಳಲ್ಲ. ಬೇವಿನ ಸೊಪ್ಪು ಹಾಕ್ತೀನಿ."

ಅವಳು ನಿಟ್ಟುಸಿರಿಟ್ಟು ಹತ್ತು ಎಂದು ಒತ್ತಿದಳು. ಆಮೇಲೆ ಮೇಜಿನ ಮೇಲೆ ಬಗ್ಗಿ ನೋಡಿದಳು. ನಡುವಿನ ತಿಂಗಳುಗಳ ಹಾಳೆಗಳೆಲ್ಲ ಹಿಂದಕ್ಕೆ ಮಡಿಚಿ ಡಿಸೆಂಬರ್ ತೆರೆದಿತ್ತು. ಬರೆದದ್ದನ್ನು ಓದಿದಳು. ಈಗ ಏನೆನ್ನುತ್ತಾಳೋ, ನಕ್ಕುಬಿಡುತ್ತಾಳೋ ಎಂದು ನಾನು ಲೋಟ ಎತ್ತಿಕೊಂಡು ಆರಿದ ಕಾಫಿಯನ್ನೇ ಕುಡಿದೆ.

"ಅಮ್ಮ, ಇದು ಗುರುವಾರ," ಎಂದಳು. "ಗುರುವಾರ ನಂಗೆ ಕ್ಲಾಸ್ ಇರುತ್ತೆ, ಬರೋಕಾಗಲ್ಲ. ಭಾನುವಾರಕ್ಕೆ ಹಾಕ್ಬಾರ್ದಾ? ರಬ್ಬರ್ ಕೊಡು."

ಕೊಟ್ಟೆ. ಅವಳೇ ಅಳಿಸಿ, ಅವಳೇ ಭಾನುವಾರದ ಮನೆಯಲ್ಲಿ ಬರೆದಳು. ಕೆಳಗೆ ಸಣ್ಣದಾಗಿ ಇನ್ನೇನನ್ನೋ ಸೇರಿಸಿ, ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಬಗ್ಗಿ ನೋಡಿದೆ. 'ಕಾಳು ನಾನು ಬಂದ ಮೇಲೆ ಹಿತಕೋಣ' ಎಂದಿತ್ತು.